ಹಳೆಯ ಬೀಡಿನ ಪಾತ್ರೆಗಳು: ಅಟ್ಟದಿಂದ ಒಲೆಗೆ

ನಮ್ಮ ಶ್ರೀನಗರ, ಹನುಮಂತನಗರ, ಗವಿಪುರ, ಬನಶಂಕರಿ ಮೊದಲನೆಯ ಹಂತದ ಬೀದಿಗಳಲ್ಲಿ ಹಳೆಯ ಮನೆಗಳನ್ನು ಕೆಡವಿ ಬಹುಮಹಡಿಯ ಕಟ್ಟಡಗಳನ್ನು ಎಬ್ಬಿಸುವ ಕಾರ್ಯ ಎಡೆಬಿಡದೆ ನಡೆದಿದೆ. ಮನೆ ಬೀಳುವ ಮುನ್ನ ಅಟ್ಟ ಬರಿದಾಗಬೇಕಷ್ಟೆ. ಆಗ ಕೆಳಗಿಳಿಯುವ ವಸ್ತುಗಳಲ್ಲಿ ಹಿತ್ತಾಳೆ, ತಾಮ್ರಗಳಿಗೆ ಒಡನೆಯೇ ಗೌರವ ದೊರೆಯುತ್ತದೆ; ಅವನ್ನು ಹುಣಸೆಹಣ್ಣಿನಿಂದ ಬೆಳಗಿ ನಡುಮನೆಯಲ್ಲಿ ಇರಿಸುವವರಿದ್ದಾರೆ. ಕಬ್ಬಿಣಕ್ಕೆ ಆ ಭಾಗ್ಯವಿಲ್ಲ. ಅಜ್ಜಿಯ ಕಾಲದ ದೋಸೆಯ ಕಾವಲಿ, ಪಡ್ಡಿನ ಹಂಚು, ರೊಟ್ಟಿಯ ಹಂಚು, ಎರಡು ಕಿವಿಯ ಬಾಣಲೆ, ಒಗ್ಗರಣೆಯ ಸೌಟು, ಇವೆಲ್ಲ ತುಕ್ಕು ಹಿಡಿದಿವೆಯೆಂಬ ಒಂದೇ ಕಾರಣಕ್ಕೆ ತೂಕದ ಲೆಕ್ಕದಲ್ಲಿ ಗುಜರಿಯ ಗಾಡಿಯನ್ನು ಏರುತ್ತವೆ.

ಅದೇ ಗುಜರಿಯಿಂದ, ಕೃಷ್ಣರಾಜೇಂದ್ರ ಮಾರುಕಟ್ಟೆಯ ಸುತ್ತಣ ಭಾನುವಾರದ ಸಂತೆಯಿಂದ, ಊರ ಜಾತ್ರೆಗಳಿಂದ ಅವನ್ನು ಹುಡುಕಿ ತರುವ ಹೊಸ ತಲೆಮಾರೊಂದು ಈಗ ಹುಟ್ಟಿಕೊಂಡಿದೆ. ಇದು ಸಂತೋಷದ ಸಂಗತಿ. ನಮ್ಮ ಚಿಕಿತ್ಸಾಲಯಕ್ಕೆ ಬರುವ ಗಣಕಯಂತ್ರ ವೃತ್ತಿಯ ಯುವಕರೊಬ್ಬರು ಇಪ್ಪತ್ತಕ್ಕೂ ಮಿಗಿಲಾಗಿ ಹಳೆಯ ಹಂಚುಗಳನ್ನು ಕೂಡಿಹಾಕಿದ್ದಾರೆ. ಅವುಗಳನ್ನು ಗೋಡೆಗೆ ಸಾಲಾಗಿ ತೂಗುಹಾಕಿ ಬೆಳಕಿನ ವ್ಯವಸ್ಥೆಯನ್ನೂ ಮಾಡಿದ್ದಾರೆ. ಅವರ ಶ್ರೀಮತಿಯವರನ್ನು ಆಯಾಸ, ಎದೆಬಡಿತ, ಕೂದಲುದುರುವಿಕೆಗಳ ಸಲುವಾಗಿ ಕರೆತಂದಾಗ ರಕ್ತದ ಹಿಮೋಗ್ಲೋಬಿನ್ 8.9 ಗ್ರಾಂ ಇತ್ತು. ಗರ್ಭಿಣಿಯಲ್ಲದ ಸ್ತ್ರೀಗೆ ಅದು 12ಕ್ಕಿಂತ ಕಡಿಮೆಯಿರಬಾರದು. ಇಷ್ಟೊಂದು ಕಬ್ಬಿಣವುಳ್ಳ ಮನೆಯಲ್ಲಿ ಅಡುಗೆ ನಡೆಯುತ್ತಿದ್ದುದು ಮಾತ್ರ ಅಲ್ಯೂಮಿನಿಯಮ್ಮಿನಲ್ಲಿ ಮತ್ತು ಅಂಟದ ಲೇಪನದ ಬಾಣಲೆಯಲ್ಲಿ.

ಪಾತ್ರೆಯನ್ನು ಗುಜರಿಗೆ ಹಾಕುವವರಿಗೂ ಗೋಡೆಗೆ ತೂಗುಹಾಕುವವರಿಗೂ ಅದನ್ನು ಒಲೆಗೆ ಮರಳಿಸಿರೆಂದು ಹೇಳುವುದು ಈ ಲೇಖನದ ಉದ್ದೇಶ. ಆದರೆ ಹಳೆಯದೆಲ್ಲವೂ ಒಲೆಗೆ ಯೋಗ್ಯವಲ್ಲ. ಯಾವುದನ್ನು ಏರಿಸಬೇಕು, ಯಾವುದನ್ನು ಏರಿಸಬಾರದು ಎಂಬ ವಿವೇಕ ಮೊದಲು ಬರಬೇಕು.

ಬೀಡು ಮತ್ತು ಬಡಿದ ಕಬ್ಬಿಣ

ನಾವು ಒಟ್ಟಾಗಿ ಕಬ್ಬಿಣದ ಪಾತ್ರೆ ಎಂದು ಕರೆಯುವುದರಲ್ಲಿ ಎರಡು ಕುಲಗಳಿವೆ. ಕರಗಿಸಿ ಮರಳಿನ ಅಚ್ಚಿಗೆ ಎರೆದದ್ದು ಬೀಡು, ಅಂದರೆ ಎರಕದ ಕಬ್ಬಿಣ. ಕಾಯಿಸಿ ಸುತ್ತಿಗೆಯಿಂದ ಬಡಿದು ಹಿಗ್ಗಿಸಿದ್ದು ಕಮ್ಮಾರರ ಕಬ್ಬಿಣ. ಬೀಡಿನಲ್ಲಿ ಇಂಗಾಲದ ಅಂಶ ಶೇಕಡ 2ಕ್ಕೂ ಹೆಚ್ಚು. ಅದರಿಂದಲೇ ಅದು ಗಡುಸು ಮತ್ತು ಭಿದುರ. ಕೈಜಾರಿ ಕಲ್ಲುಹಾಸಿನ ಮೇಲೆ ಬಿದ್ದರೆ ಹೋಳಾಗುತ್ತದೆ. ಬಡಿದ ಕಬ್ಬಿಣ ಬಿದ್ದರೆ ಡೊಂಕಾಗುತ್ತದೆಯೇ ಹೊರತು ಒಡೆಯುವುದಿಲ್ಲ. ಕಣ್ಣಿಗೂ ಇವು ಬೇರೆಯಾಗಿಯೇ ಕಾಣುತ್ತವೆ. ಬೀಡಿನ ಬೆನ್ನಿನಲ್ಲಿ ಮರಳಿನ ಅಚ್ಚಿನ ಹರಳು ಹರಳಾದ ಒರಟುತನವಿದ್ದು, ಕಿವಿಗಳು ಪಾತ್ರೆಯೊಡನೆಯೇ ಒಂದಾಗಿ ಮೂಡಿರುತ್ತವೆ. ಬಡಿದ ಪಾತ್ರೆಯಲ್ಲಿ ಸುತ್ತಿಗೆಯ ಗುರುತುಗಳಿದ್ದು, ಹಿಡಿಯನ್ನು ಮೊಳೆಯಿಂದ ಬಿಗಿದಿರುತ್ತಾರೆ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಬಿಸಿಮರಳಿನೊಡನೆ ಕಾಯಿ ಹುರಿಯುವ ತೆಳುವಾದ ಅಗಲ ಬಾಣಲೆಗಳನ್ನು ಎಲ್ಲರೂ ಕಂಡಿದ್ದೇವೆ. ಅವು ಬೀಡಲ್ಲ.

ಕನ್ನಡನಾಡಿಗೆ ಕಬ್ಬಿಣ ಹೊಸದಲ್ಲ. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ, ಇಂದಿನ ಹಾವೇರಿ ಜಿಲ್ಲೆಯಲ್ಲಿ, ಡಾ. ಎಂ.ಎಸ್. ನಾಗರಾಜರಾಯರು ನಡೆಸಿದ ಉತ್ಖನನದಲ್ಲಿ ಸುಮಾರು ಮೂರು ಸಾವಿರ ವರ್ಷಗಳಷ್ಟು ಹಳೆಯ ಕಬ್ಬಿಣದ ವಸ್ತುಗಳು ದೊರೆತಿವೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಮಾಗಡಿಯ ಸುತ್ತಣ ಕಬ್ಬಿಣದ ಕುಲುಮೆಗಳನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆದರೆ ಇದ್ದಿಲು ಮತ್ತು ತಿದಿಯ ಆ ಕುಲುಮೆಗಳಿಂದ ಬರುತ್ತಿದ್ದುದು ನೀರಾಗಿ ಹರಿಯುವ ಕಬ್ಬಿಣವಲ್ಲ, ಕಿಟ್ಟದೊಡನೆ ಬೆರೆತ ಮುದ್ದೆ. ಅದನ್ನು ಮತ್ತೆ ಮತ್ತೆ ಕಾಯಿಸಿ ಬಡಿದೇ ಉಪಯೋಗಿಸಬೇಕಿತ್ತು. ಆದ್ದರಿಂದ ಮುನ್ನೂರು ವರ್ಷ ಹಳೆಯ ಮೈಸೂರಿನ ಬೀಡಿನ ಕಾವಲಿ ಎಂದು ಸಂತೆಯಲ್ಲಿ ಯಾರಾದರೂ ಬೆಲೆ ಹೇಳಿದರೆ ನಕ್ಕು ಮುಂದೆ ಸಾಗುವುದು ಲೇಸು.

ಬೀಡಿನ ಅಡುಗೆ ಪಾತ್ರೆಗಳನ್ನು ಚೀನಿಯರು ಬಹು ಪ್ರಾಚೀನ ಕಾಲದಿಂದಲೂ ಎರೆಯುತ್ತಿದ್ದರು. ಇಂಗ್ಲೆಂಡಿನಲ್ಲಿ ಅಬ್ರಹಾಂ ಡಾರ್ಬಿ ಮರಳಿನ ಅಚ್ಚಿನಲ್ಲಿ ತೆಳುವಾದ ಕಬ್ಬಿಣದ ಪಾತ್ರೆ ಎರೆಯುವ ವಿಧಾನಕ್ಕೆ 1707ರಲ್ಲಿ ಸನ್ನದು ಪಡೆದ ಮೇಲೆ ಅವು ಅಲ್ಲಿ ಬಡವರ ಮನೆಗಳನ್ನೂ ತಲುಪಿದವು. ನಮ್ಮ ರಾಜ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪರಿಶ್ರಮದ ಫಲವಾದ ಭದ್ರಾವತಿಯ ಕಾರ್ಖಾನೆ 1923ರಲ್ಲಿ ಮಲೆನಾಡಿನ ಸೌದೆಯ ಇದ್ದಿಲಿನಿಂದಲೇ ಬೀಡು ಕಬ್ಬಿಣವನ್ನು ತೆಗೆಯತೊಡಗಿತು. ಮುಂದೆ ಬೆಳಗಾವಿಯ ಉದ್ಯಮಬಾಗ, ಶಿವಮೊಗ್ಗ, ನೆರೆಯ ಕೊಲ್ಲಾಪುರ ಮತ್ತು ಕೊಯಮತ್ತೂರುಗಳು ಎರಕಕ್ಕೆ ಹೆಸರಾದವು. ನಮ್ಮ ಅಟ್ಟಗಳಲ್ಲಿ ದೊರೆಯುವ ಬೀಡಿನ ಹಂಚುಗಳಲ್ಲಿ ಬಹುಪಾಲು ಕಳೆದ ಶತಮಾನದವೆಂದು ತಿಳಿದರೆ ತಪ್ಪಾಗದು.

ಅಮೆರಿಕದಲ್ಲಿ ಹಳೆಯ ಬೀಡಿನ ಬಾಣಲೆಗಳ ಸಂಗ್ರಹ ದೊಡ್ಡ ಹವ್ಯಾಸವಾಗಿ ಬೆಳೆದಿದೆ. ಗ್ರಿಸ್ವೋಲ್ಡ್, ವಾಗ್ನರ್ ಮೊದಲಾದ ಹಿಂದಿನ ಕಾರ್ಖಾನೆಗಳು ಪಾತ್ರೆಯ ಬೆನ್ನಿನ ಮೇಲೆ ತಮ್ಮ ಮುದ್ರೆಯನ್ನು, ಅಳತೆಯ ಅಂಕಿಯನ್ನು ಎರೆಯುತ್ತಿದ್ದುದರಿಂದ ಮುದ್ರೆಯ ಬದಲಾವಣೆಯನ್ನು ನೋಡಿಯೇ ಕಾಲವನ್ನು ಹೇಳುವ ವಿದ್ಯೆ ಅಲ್ಲಿ ಬೆಳೆಯಿತು. ನಮ್ಮ ಹಂಚುಗಳಿಗೆ ಸಾಮಾನ್ಯವಾಗಿ ಮುದ್ರೆಯಿಲ್ಲ. ಅವುಗಳ ಚರಿತ್ರೆಯಿರುವುದು ಮನೆಯ ಹಿರಿಯ ಹೆಣ್ಣುಮಕ್ಕಳ ನೆನಪಿನಲ್ಲಿ. ಯಾರ ಮದುವೆಯಲ್ಲಿ ಬಂತು, ಯಾವ ಊರ ಜಾತ್ರೆಯಲ್ಲಿ ಕೊಂಡದ್ದು, ಏನನ್ನು ಬೇಯಿಸುತ್ತಿದ್ದರು, ಎಷ್ಟು ವರ್ಷ ಮೂಲೆಯಲ್ಲಿತ್ತು ಎಂಬುದನ್ನೆಲ್ಲ ಕೇಳಿ ಬರೆದಿಡಬೇಕು. ರೋಗಿಯ ಪೂರ್ವವೃತ್ತಾಂತವನ್ನು ವೈದ್ಯನು ಬರೆದುಕೊಳ್ಳುವಂತೆಯೇ ಇದು. ಏಕೆಂಬುದು ಮುಂದೆ ತಿಳಿಯುತ್ತದೆ.

ಶಾಸ್ತ್ರವು ಹೇಳುವುದು

ಪಾತ್ರೆಯ ದ್ರವ್ಯವೂ ಆಹಾರದ ಗುಣವನ್ನು ಪ್ರಭಾವಿಸುತ್ತದೆಂಬುದು ಆಯುರ್ವೇದದ ಹಳೆಯ ತಿಳಿವು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಅನ್ನಪಾನವಿಧಿಯಲ್ಲಿ ತುಪ್ಪವನ್ನು ಕಬ್ಬಿಣದ ಪಾತ್ರೆಯಲ್ಲಿ, ಹುಳಿಯುಳ್ಳ ವ್ಯಂಜನಗಳನ್ನು ಕಲ್ಲಿನ ಪಾತ್ರೆಯಲ್ಲಿ ನೀಡಬೇಕೆಂದು ಹೇಳಿದೆ. ನಮ್ಮ ಹಿಂದಿನವರ ಅಡುಗೆಮನೆಯನ್ನು ನೆನೆಯಿರಿ. ದೋಸೆ, ರೊಟ್ಟಿ, ಒಗ್ಗರಣೆಗಳೆಲ್ಲ ಕಬ್ಬಿಣದಲ್ಲಿ. ಹುಳಿ, ಗೊಜ್ಜು, ಉಪ್ಪಿನಕಾಯಿಗಳು ಬಳಪದ ಕಲ್ಲಿನ ಮರಿಗೆಯಲ್ಲಿ. ಸಂಹಿತೆಯನ್ನು ಓದದ ತಾಯಂದಿರೂ ಎಣ್ಣೆ ತುಪ್ಪಗಳಿಗೆ ಕಬ್ಬಿಣ, ಹುಳಿಗೆ ಕಲ್ಲು ಎಂಬ ಈ ವಿಭಾಗವನ್ನು ಪಾಲಿಸುತ್ತಿದ್ದರು.

ರಸಶಾಸ್ತ್ರವು ಲೋಹವನ್ನು ಮುಂಡ, ತೀಕ್ಷ್ಣ, ಕಾಂತ ಎಂದು ಮೂರಾಗಿ ವಿಂಗಡಿಸುತ್ತದೆ. ಕಡಾಯಿ ಮೊದಲಾದ ಪಾತ್ರೆಗಳು ಮುಂಡದವು, ಖಡ್ಗಾದಿ ಆಯುಧಗಳು ತೀಕ್ಷ್ಣದವು. ಪಾಂಡುರೋಗಕ್ಕೆ, ಅಂದರೆ ಇಂದು ರಕ್ತಹೀನತೆಯೆಂದು ಕರೆಯುವ ಸ್ಥಿತಿಗೆ ಬಹುಮಟ್ಟಿಗೆ ಹೊಂದುವ ರೋಗಕ್ಕೆ, ಚರಕ ಸಂಹಿತೆಯ ಚಿಕಿತ್ಸಾಸ್ಥಾನದ ಹದಿನಾರನೆಯ ಅಧ್ಯಾಯ ಮೀಸಲಾಗಿದೆ. ಲೋಹಯುಕ್ತವಾದ ನವಾಯಸ ಚೂರ್ಣವೂ ಮಂಡೂರವಟಕವೂ ಅಲ್ಲಿಯವೇ.

ಹಳೆಯ ಕಬ್ಬಿಣವನ್ನು ಸಂಗ್ರಹಿಸುವವರು ಇಲ್ಲೊಂದು ಸ್ವಾರಸ್ಯವನ್ನು ಗಮನಿಸಬೇಕು. ಚರಕರು ಹೇಳುವ ತ್ರಿಫಲಾ ರಸಾಯನದಲ್ಲಿ ತ್ರಿಫಲೆಯ ಕಲ್ಕವನ್ನು ಕಬ್ಬಿಣದ ಪಾತ್ರೆಗೆ ಲೇಪಿಸಿ ಒಂದು ಹಗಲು ಒಂದು ರಾತ್ರಿ ಬಿಡುವ ವಿಧಾನವಿದೆ. ಆ ಪಾತ್ರೆ ಹೊಸದಾಗಿರಬೇಕು. ಮಂಡೂರ ಭಸ್ಮಕ್ಕೆ ತೆಗೆದುಕೊಳ್ಳುವ ಕಿಟ್ಟವಾದರೋ ನೂರು ವರ್ಷ ಹಳೆಯದಾದರೆ ಉತ್ತಮ, ಎಂಬತ್ತಾದರೆ ಮಧ್ಯಮ, ಅರುವತ್ತಾದರೆ ಅಧಮ. ಅದಕ್ಕೂ ಹೊಸದು ತ್ಯಾಜ್ಯ. ಒಂದೆಡೆ ಹೊಸತು ಬೇಕು, ಇನ್ನೊಂದೆಡೆ ಹಳತು ಬೇಕು. ಹಳತೆಂಬ ಮಾತ್ರಕ್ಕೆ ಶಾಸ್ತ್ರ ಯಾವುದನ್ನೂ ಪೂಜಿಸುವುದಿಲ್ಲ; ಯಾವ ಕಾರ್ಯಕ್ಕೆ ಎಂಬುದನ್ನು ಮೊದಲು ಕೇಳುತ್ತದೆ.

ಪ್ರಸಂಗವಶಾತ್ ಒಂದು ಎಚ್ಚರಿಕೆ. ಅಜ್ಜಿಯ ಬಾಣಲೆಯ ತುಕ್ಕನ್ನು ಕೆರೆದು ಜೇನಿನಲ್ಲಿ ಸೇವಿಸಿದರೆ ಅದೇ ಮಂಡೂರವಲ್ಲವೇ ಎಂದು ನಮ್ಮನ್ನು ಕೇಳಿದವರಿದ್ದಾರೆ. ಅಲ್ಲ. ಮಂಡೂರವು ಅದಿರನ್ನು ಕರಗಿಸುವಾಗ ಬೇರ್ಪಟ್ಟ ಕಿಟ್ಟ. ಅದನ್ನು ಕಾಯಿಸಿ ಗೋಮೂತ್ರದಲ್ಲಿ ಪುನಃ ಪುನಃ ಅದ್ದಿ ಶೋಧಿಸಿ, ಪುಟವಿಟ್ಟು ಭಸ್ಮಮಾಡಿದ ಮೇಲಷ್ಟೇ ಔಷಧ. ತುಕ್ಕನ್ನು ತಿನ್ನಬೇಡಿ.

ಪಾತ್ರೆಯಿಂದ ಅನ್ನಕ್ಕೆ ಇಳಿಯುವುದೆಷ್ಟು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ, 2019ರಿಂದ 2021ರ ಅವಧಿಯಲ್ಲಿ, ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡ 57ರಷ್ಟು ಜನರಿಗೆ ರಕ್ತಹೀನತೆಯಿರುವುದು ಕಂಡುಬಂತು. ಕರ್ನಾಟಕದಲ್ಲಿ ಈ ಪ್ರಮಾಣ ಸುಮಾರು ಅರ್ಧದಷ್ಟು. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ, ಸ್ತ್ರೀಗೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಮನೆಯವರೆಲ್ಲ ಉಂಡ ಮೇಲೆ ಉಳಿದುದನ್ನು ಉಣ್ಣುವವಳಿಗೇ ಹೆಚ್ಚು ಬೇಕಾಗಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಬ್ಬಿಣದ ಪಾತ್ರೆಯಿಂದ ಆಹಾರಕ್ಕೆ ಕಬ್ಬಿಣಾಂಶ ಇಳಿಯುವುದು ಅಳೆದು ತಿಳಿದ ಸತ್ಯ. 1986ರಲ್ಲಿ ಅಮೆರಿಕದ ಬ್ರಿಟಿನ್ ಮತ್ತು ನಾಸಮನ್ ಎಂಬಿಬ್ಬರು ಇಪ್ಪತ್ತು ಬಗೆಯ ಆಹಾರಗಳನ್ನು ಪರೀಕ್ಷಿಸಿದರು. ನೂರು ಗ್ರಾಂ ಸೇಬಿನ ಗೊಜ್ಜಿನಲ್ಲಿ 0.35 ಮಿಲಿಗ್ರಾಂ ಇದ್ದ ಕಬ್ಬಿಣಾಂಶ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದಾಗ 7 ಮಿಲಿಗ್ರಾಂ ಮೀರಿತು. ಹುಳಿ ಹೆಚ್ಚಿದಷ್ಟೂ, ನೀರಿನಂಶ ಹೆಚ್ಚಿದಷ್ಟೂ, ಬೇಯುವ ಕಾಲ ಹೆಚ್ಚಿದಷ್ಟೂ ಇಳಿಯುವ ಪ್ರಮಾಣವೂ ಹೆಚ್ಚು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಇಥಿಯೋಪಿಯಾದ ಅಧ್ಯಯನ ಇನ್ನೂ ಮುಖ್ಯವಾದದ್ದು. ಅಲ್ಲಿ ಕೆಲವು ಕುಟುಂಬಗಳಿಗೆ ಕಬ್ಬಿಣದ ಪಾತ್ರೆಗಳನ್ನೂ ಕೆಲವಕ್ಕೆ ಅಲ್ಯೂಮಿನಿಯಂ ಪಾತ್ರೆಗಳನ್ನೂ ಕೊಟ್ಟು ಒಂದು ವರ್ಷ ನೋಡಿದರು. ಕಬ್ಬಿಣದ ಪಾತ್ರೆಯ ಮನೆಗಳ ಮಕ್ಕಳಲ್ಲಿ ಹಿಮೋಗ್ಲೋಬಿನ್ ಸರಾಸರಿ 1.7 ಗ್ರಾಂ ಏರಿತು. ಅಲ್ಯೂಮಿನಿಯಮ್ಮಿನ ಮನೆಗಳಲ್ಲಿ 0.4 ಗ್ರಾಂ.

ಇದನ್ನು ಓದಿ ಮಾತ್ರೆಯನ್ನು ಬಿಟ್ಟು ಬಾಣಲೆಯನ್ನು ಹಿಡಿಯುವವರು ಸ್ವಲ್ಪ ನಿಲ್ಲಬೇಕು. ಚೆನ್ನಾಗಿ ಪಳಗಿದ ಹಳೆಯ ಕಾವಲಿಯ ಮೇಲೆ ಎಣ್ಣೆಯ ಕಪ್ಪು ಹೊದಿಕೆಯೊಂದು ಕೂತಿರುತ್ತದೆ. ದೋಸೆ ಅಂಟದೆ ಏಳುವುದು ಅದರಿಂದಲೇ, ಕಬ್ಬಿಣ ಹೆಚ್ಚು ಇಳಿಯದಿರುವುದೂ ಅದರಿಂದಲೇ. ಎರಡು ನಿಮಿಷದ ದೋಸೆಗೆ ದೊರೆಯುವುದು ಅಲ್ಪ. ಕಡಾಯಿಯಲ್ಲಿ ನೀರಿನೊಡನೆ ಹತ್ತಿಪ್ಪತ್ತು ನಿಮಿಷ ಬೇಯುವ ಸೊಪ್ಪಿನ ಪಲ್ಯಕ್ಕೆ, ಟೊಮೆಟೊ ಬೆರೆತ ಕಾಳಿನ ಪಲ್ಯಕ್ಕೆ ದೊರೆಯುವುದು ಹೆಚ್ಚು. ಇಳಿದ ಕಬ್ಬಿಣವೆಲ್ಲ ರಕ್ತಕ್ಕೆ ಸೇರುವುದೂ ಇಲ್ಲ. ಬಾಳೆಕಾಯಿಯನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಕಪ್ಪಾಗುತ್ತದಲ್ಲವೆ? ಅದರ ಕಷಾಯರಸದ ಅಂಶವು ಕಬ್ಬಿಣದೊಡನೆ ಕೂಡಿ ಹುಟ್ಟುವ ಬಣ್ಣವದು. ಹಿಂದಿನವರು ಅಳಲೆಕಾಯಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಕುದಿಸಿ ಬರೆಯುವ ಮಸಿಯನ್ನು ಮಾಡುತ್ತಿದ್ದುದೂ ಈ ಗುಣದಿಂದಲೇ. ಆ ಕಪ್ಪು ವಿಷವಲ್ಲ. ಆದರೆ ಹಾಗೆ ಬಿಗಿದುಕೊಂಡ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಲಾರದು. ಊಟದ ಬೆನ್ನಿಗೇ ಕಾಫಿ, ಚಹಾ ಕುಡಿದರೂ ಇದೇ ನಷ್ಟ. ಪಲ್ಯವನ್ನು ಒಲೆಯಿಂದಿಳಿಸಿ ನಿಂಬೆಹಣ್ಣು ಹಿಂಡಿದರೆ, ಊಟದೊಡನೆ ನೆಲ್ಲಿಕಾಯಿಯ ಚಟ್ನಿಯಿದ್ದರೆ, ಹೀರಿಕೆ ಹೆಚ್ಚುತ್ತದೆ.

ಮೇಲೆ ಹೇಳಿದ ಗೃಹಿಣಿಗೆ ನಾವು ಮೊದಲು ಕಾರಣವನ್ನು ಹುಡುಕಿದೆವು, ಋತುಸ್ರಾವ ಅತಿಯಾಗಿತ್ತು. ಅದಕ್ಕೆ ಚಿಕಿತ್ಸೆ, ಕಬ್ಬಿಣಾಂಶದ ಮಾತ್ರೆ, ಆಹಾರ, ಜೊತೆಗೆ ಗೋಡೆಯಿಂದ ಇಳಿದ ಒಂದು ಕಡಾಯಿ, ಇಷ್ಟೂ ಸೇರಿದವು. ಆರು ತಿಂಗಳಲ್ಲಿ ಹಿಮೋಗ್ಲೋಬಿನ್ 12 ದಾಟಿತು. ಕೀರ್ತಿಯೆಲ್ಲ ಕಡಾಯಿಗೆ ಎಂದು ಪತಿರಾಯರು ಹೇಳಿಕೊಂಡು ತಿರುಗುತ್ತಿದ್ದಾರೆ. ನಾವು ಹಾಗೆನ್ನುವುದಿಲ್ಲ. ಕೊರತೆಯನ್ನು ತುಂಬಿದ್ದು ಮುಖ್ಯವಾಗಿ ಮಾತ್ರೆ. ತುಂಬಿದ್ದು ಮತ್ತೆ ಬರಿದಾಗದಂತೆ ಕಾಯುವ ಕೆಲಸದಲ್ಲಿ ಕಡಾಯಿಗೂ ಪಾಲಿದೆ. ಗರ್ಭಿಣಿಯರಂತೂ ಆರೋಗ್ಯ ಕೇಂದ್ರದಲ್ಲಿ ಕೊಡುವ 60 ಮಿಲಿಗ್ರಾಂ ಕಬ್ಬಿಣದ ಮಾತ್ರೆಯನ್ನು ಯಾವ ಪಾತ್ರೆಯ ಭರವಸೆಯಿಂದಲೂ ಬಿಡಕೂಡದು.

ಕಬ್ಬಿಣದ ಪಾತ್ರೆ ಎಲ್ಲರಿಗೂ ಹಿತವಲ್ಲ. ಥಲಸ್ಸೇಮಿಯಾ ರೋಗದಿಂದ ಪದೇ ಪದೇ ರಕ್ತ ಪಡೆಯುವ ಮಕ್ಕಳ ದೇಹದಲ್ಲಿ ಕಬ್ಬಿಣವು ಈಗಾಗಲೇ ಮಿತಿಮೀರಿ ಶೇಖರವಾಗಿರುತ್ತದೆ. ಅಂಥ ಮಗುವಿನ ಅಡುಗೆಗೆ ಇದು ಸಲ್ಲದು. ಕಬ್ಬಿಣ ಶೇಖರಗೊಳ್ಳುವ ಅನುವಂಶಿಕ ರೋಗವುಳ್ಳವರೂ, ದೀರ್ಘಕಾಲದ ಯಕೃತ್ತಿನ ರೋಗವುಳ್ಳವರೂ ವೈದ್ಯರನ್ನು ಕೇಳಿಯೇ ಬಳಸಬೇಕು. ಮಾತ್ರೆ ನುಂಗಿದರೂ ಏರದ ರಕ್ತಹೀನತೆಯಿದ್ದಲ್ಲಿ ಫೆರಿಟಿನ್ ಮುಂತಾದ ಪರೀಕ್ಷೆಗಳಾಗಲಿ. ಎಲ್ಲ ಪಾಂಡುತ್ವವೂ ಕಬ್ಬಿಣದ ಕೊರತೆಯಲ್ಲ.

ಪಾತ್ರೆಯ ಪೂರ್ವಾಶ್ರಮ

ಹಳೆಯ ಪಾತ್ರೆಯ ವೃತ್ತಾಂತವನ್ನು ಬರೆದಿಡಿ ಎಂದೆವಷ್ಟೆ. ವಿರಕ್ತರ ಪೂರ್ವಾಶ್ರಮವನ್ನು ಕೇಳಬಾರದೆಂಬ ಸಂಪ್ರದಾಯವಿದೆ. ಪಾತ್ರೆಯದನ್ನು ಮಾತ್ರ ಕೇಳಲೇಬೇಕು. ಸೀಸವು 327 ಡಿಗ್ರಿ ಶಾಖದಲ್ಲಿಯೇ ಕರಗುವ ಲೋಹ. ಮೀನಿನ ಬಲೆಗೆ ಕಟ್ಟುವ ಗುಂಡುಗಳನ್ನು ಎರೆಯುವವರು, ಹಳೆಯ ವಿದ್ಯುತ್ಕೋಶಗಳನ್ನು ಒಡೆದು ಸೀಸ ತೆಗೆಯುವವರು ಅದನ್ನು ಕರಗಿಸಲು ಬಳಸುವುದು ಇಂಥ ಕಬ್ಬಿಣದ ಬಾಣಲೆಗಳನ್ನೇ. ಆ ಬಾಣಲೆ ಗುಜರಿಗೆ ಬಂದು, ಅಲ್ಲಿಂದ ಸಂತೆಗೆ ಬಂದು, ಅಲ್ಲಿಂದ ನಿಮ್ಮ ಮನೆಗೆ ಬರಬಹುದು. ಕಬ್ಬಿಣವು ರಂಧ್ರಮಯ, ಒರಟು. ಎಷ್ಟು ತಿಕ್ಕಿದರೂ ಸೀಸವೆಲ್ಲ ಹೋಯಿತೆಂದು ನಂಬುವಂತಿಲ್ಲ. ಸೀಸವು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ, ಅದೂ ಬಹಳ ಅಲ್ಪ ಪ್ರಮಾಣದಲ್ಲಿ. ವಿಪರ್ಯಾಸವೆಂದರೆ ಸೀಸದಿಂದಲೂ ರಕ್ತಹೀನತೆ ಬರುತ್ತದೆ. ಕಬ್ಬಿಣಾಂಶ ಕಡಿಮೆಯಿರುವ ಮಗು ಸೀಸವನ್ನು ಇನ್ನೂ ಹೆಚ್ಚಾಗಿ ಹೀರುತ್ತದೆ. ಯಾವ ಮಗುವಿಗೆಂದು ಕಡಾಯಿ ತಂದೆವೋ ಆ ಮಗುವಿಗೇ ಅದು ಹೆಚ್ಚು ಕೇಡು ಮಾಡೀತು.

ಆದ್ದರಿಂದ ನಮ್ಮ ಅಭಿಪ್ರಾಯ ಕಟ್ಟುನಿಟ್ಟಾದುದು. ಯಾರ ಮನೆಯಲ್ಲಿ ಏನು ಬೇಯಿಸುತ್ತಿದ್ದರೆಂದು ಹೇಳುವವರಿರುವ ಪಾತ್ರೆ ಒಲೆಗೆ ಬರಬಹುದು. ಹಿಂದಿನ ವೃತ್ತಾಂತ ತಿಳಿಯದ ಪಾತ್ರೆ, ಅದು ಎಷ್ಟೇ ಅಪರೂಪದ ಆಕಾರದ್ದಾಗಿರಲಿ, ಪ್ರಯೋಗಾಲಯದಲ್ಲಿ ಸೀಸದ ಪರೀಕ್ಷೆ ಆಗುವವರೆಗೆ ಒಲೆಗೆ ಬರಕೂಡದು. ಒಳಮೈಯಲ್ಲಿ ಬೂದುಬಣ್ಣದ ಮೃದುವಾದ ಹನಿಗಳು ಅಂಟಿದ್ದರೆ ಕೊಳ್ಳಲೇಬೇಡಿ. ಹಿತ್ತಾಳೆಯ ಬೆಸುಗೆ ಹಾಕಿ ಬಿರುಕನ್ನು ಮುಚ್ಚಿದ್ದರೂ ಅಡುಗೆಗೆ ಬೇಡ. ಹಳೆಯ ಬೆಸುಗೆಗಳಲ್ಲಿ ಯಾವ ಲೋಹವಿದೆಯೋ ಬಲ್ಲವರಾರು. ಉಗುರು ತಾಗಿದರೆ ಸಿಪ್ಪೆಯಂತೆ ಏಳುವ ಹೊಳಪಿನ ಕಪ್ಪು, ಎಣ್ಣೆಯ ಹೊದಿಕೆಯಲ್ಲ, ಬಣ್ಣ. ಒಳಗೆ ಪಿಂಗಾಣಿಯ ಲೇಪನವಿದ್ದು ಅದು ಚಕ್ಕೆ ಎದ್ದಿದ್ದರೆ ಅದೂ ಗೋಡೆಗೇ ಸರಿ.

ಕಣ್ಣಿಗೆ ಕಾಣದ ಬಿರುಕನ್ನು ಕಿವಿಯಿಂದ ಕಾಣಬಹುದು. ಹಂಚಿನ ಕಿವಿಗೆ ದಾರ ಕಟ್ಟಿ ತೂಗುಬಿಟ್ಟು ಮರದ ಸೌಟಿನಿಂದ ಮೆಲ್ಲನೆ ತಟ್ಟಿರಿ. ಗಟ್ಟಿಯಾದ ಬೀಡು ಗಂಟೆಯಂತೆ ನುಡಿದು ನಾದ ಕೆಲಕಾಲ ಉಳಿಯುತ್ತದೆ. ಸೀಳಿದ್ದು ಮಡಕೆಯ ಚೂರಿನಂತೆ ಸಪ್ಪೆಯಾಗಿ ಸದ್ದು ಮಾಡುತ್ತದೆ. ಸಂಶಯ ಉಳಿದರೆ ಇನ್ನೊಂದು ಉಪಾಯವಿದೆ. ಹಿಂದೆ ರೈಲ್ವೆ ಕಾರ್ಯಾಗಾರಗಳಲ್ಲಿ ಗಾಲಿ ಅಚ್ಚುಗಳ ಬಿರುಕನ್ನು ಎಣ್ಣೆ ಮತ್ತು ಸೀಮೆಸುಣ್ಣದಿಂದ ಪತ್ತೆಮಾಡುತ್ತಿದ್ದ ರೀತಿಯೇ ಅದು. ತೊಳೆದೊಣಗಿದ ಪಾತ್ರೆಗೆ ತೆಳುವಾಗಿ ಎಣ್ಣೆ ಸವರಿ ಒಂದು ಗಂಟೆ ಬಿಟ್ಟು, ಬಟ್ಟೆಯಿಂದ ಚೆನ್ನಾಗಿ ಒರಸಿ, ಮೇಲೆ ಅಕ್ಕಿಹಿಟ್ಟನ್ನು ಉದುರಿಸಿರಿ. ಬಿರುಕಿದ್ದರೆ ಅದರೊಳಗಿನ ಎಣ್ಣೆ ಹೊರಗೆ ಒಸರಿ ಹಿಟ್ಟಿನಲ್ಲಿ ಗೆರೆಯಾಗಿ ಮೂಡುತ್ತದೆ.

ತುಕ್ಕು ತೆಗೆದು ಪಳಗಿಸುವುದು

ಮೇಲುಮೇಲಿನ ತುಕ್ಕಿಗೆ ತೌಡು, ಹುಣಸೆಹಣ್ಣು, ತೆಂಗಿನ ನಾರು ಸಾಕು. ದಪ್ಪ ತುಕ್ಕಿಗೆ ಬಿಳಿಯ ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ ನೆನೆಯಿಡಬಹುದು. ಅರ್ಧ ಗಂಟೆಗೊಮ್ಮೆ ತೆಗೆದು ತಿಕ್ಕಿ ನೋಡುತ್ತಿರಬೇಕು. ರಾತ್ರಿಯೆಲ್ಲ ಬಿಟ್ಟರೆ ತುಕ್ಕಿನೊಡನೆ ಕಬ್ಬಿಣವನ್ನೂ ಹುಳಿ ತಿನ್ನುತ್ತದೆ. ಕೆಲವು ಸಂಗ್ರಾಹಕರು ವಾಷಿಂಗ್ ಸೋಡಾದ ನೀರಿನಲ್ಲಿ ವಿದ್ಯುತ್ ಹರಿಸಿ ತುಕ್ಕು ತೆಗೆಯುತ್ತಾರೆ. ವಿಧಾನ ಒಳ್ಳೆಯದೇ, ಆದರೆ ಎದುರು ತಗಡಾಗಿ ಸ್ಟೇನ್‌ಲೆಸ್ ಸ್ಟೀಲನ್ನು ಎಂದಿಗೂ ಇಡಕೂಡದು. ಅದರಿಂದ ಕ್ಯಾನ್ಸರ್‌ಕಾರಕವಾದ ಕ್ರೋಮಿಯಂ ಸಂಯುಕ್ತ ನೀರಿಗಿಳಿಯುತ್ತದೆ. ತುಕ್ಕು ಗೀರಿದರೆ ಧನುರ್ವಾಯು ಬರುವುದೆಂಬ ಭಯ ಹಲವರಲ್ಲಿದೆ. ಅದನ್ನು ತರುವುದು ಮಣ್ಣಿನಲ್ಲಿರುವ ರೋಗಾಣು, ತುಕ್ಕಲ್ಲ. ಆದರೂ ಗುಜರಿಯಲ್ಲಿ ಕೈಯಾಡಿಸುವವರು ಧನುರ್ವಾಯುವಿನ ಲಸಿಕೆಯನ್ನು ಕಾಲಕಾಲಕ್ಕೆ ಹಾಕಿಸಿಕೊಂಡಿರುವುದು ಕ್ಷೇಮ.

ತೊಳೆದ ಪಾತ್ರೆಯನ್ನು ಕೂಡಲೇ ಒರಸಿ ಸಣ್ಣ ಉರಿಯಲ್ಲಿ ಒಣಗಿಸಬೇಕು. ಬೆತ್ತಲೆ ಕಬ್ಬಿಣಕ್ಕೆ ಗಾಳಿಯ ತೇವವೇ ಸಾಕು. ಬಳಿಕ ಎಣ್ಣೆ. ಇಲ್ಲಿ ಎಣ್ಣೆಯ ಜಾತಿ ಮುಖ್ಯ. ತೆಂಗಿನೆಣ್ಣೆಯೂ ಹರಳೆಣ್ಣೆಯೂ ಹಾಗೆಯೇ ಒಣಗಿ ಗಟ್ಟಿಯಾಗುವ ಎಣ್ಣೆಗಳಲ್ಲ. ಅಗಸೆ ಮತ್ತು ಕುಸುಬೆಯ ಎಣ್ಣೆಗಳು ಗಾಳಿ ಮತ್ತು ಶಾಖದಲ್ಲಿ ಒಣಗಿ ಅರಗಿನಂತೆ ಬಿಗಿಯುವ ಗುಣವುಳ್ಳವು. ಅಗಸೆಯ ಹೊದಿಕೆ ಕೆಲವೊಮ್ಮೆ ಚಕ್ಕೆ ಏಳುತ್ತದೆ. ನಮ್ಮ ಮತ ಕುಸುಬೆಯ ಕಡೆಗೆ. ಉತ್ತರ ಕರ್ನಾಟಕದ ಅಡುಗೆಮನೆಗಳಲ್ಲಿ ಕುಸುಬೆ ಎಣ್ಣೆಯ ಜೊತೆ ಬೆಳೆದ ರೊಟ್ಟಿ ಹಂಚುಗಳು ಕನ್ನಡಿಯಂತೆ ಮಿನುಗುತ್ತಿದ್ದುದನ್ನು ಬಲ್ಲವರು ಬಲ್ಲರು. ಎರಡು ಮೂರು ಹನಿ ಸವರಿ, ಇಲ್ಲವೇ ಇಲ್ಲವೆಂಬಷ್ಟು ಒರಸಿ ತೆಗೆದು, ಹೊಗೆಯಾಡುವವರೆಗೆ ಕಾಯಿಸಿ ಆರಲು ಬಿಡಬೇಕು. ಕಿಟಕಿಗಳು ತೆರೆದಿರಲಿ. ಎಣ್ಣೆ ದಪ್ಪವಾದರೆ ಅಂಟಂಟಾಗಿ ಜಿಡ್ಡು ಕೂರುತ್ತದೆ. ಹೀಗೆ ನಾಲ್ಕೈದು ಬಾರಿ ಮಾಡಿ, ಮೊದಲ ವಾರ ಈರುಳ್ಳಿ ಹುರಿಯುವುದು, ಪೂರಿ ಕರಿಯುವುದು ಮಾತ್ರ. ಹುಳಿಯ ಅಡುಗೆ ತಿಂಗಳು ಕಳೆದ ಮೇಲೆ.

ಬೇಯಿಸಿದ್ದನ್ನು ಅದೇ ಪಾತ್ರೆಯಲ್ಲಿ ಬಿಡಬಾರದು. ಮುಗಿದೊಡನೆ ಬೇರೆಗೆ ತೆಗೆಯಬೇಕು. ಸಾರು, ಹುಳಿ, ಮಜ್ಜಿಗೆಹುಳಿಗಳಿಗೆ ಕಬ್ಬಿಣ ಸಲ್ಲದು. ಸುಶ್ರುತರ ಕಲ್ಲಿನ ಪಾತ್ರೆಯೇ ಸಲ್ಲುತ್ತದೆ. ಕಾದ ಬೀಡಿಗೆ ತಣ್ಣೀರು ಸುರಿದರೆ ಚಟ್ಟೆಂದು ಸೀಳುತ್ತದೆ. ಅನಿಲದ ಒಲೆಯಲ್ಲಿ ಒಮ್ಮೆಗೇ ದೊಡ್ಡ ಉರಿಯೂ ಬೇಡ. ಮೊದಲ ಐದು ನಿಮಿಷ ಸಣ್ಣಗಿರಲಿ. ಬೀಡು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿಯೇ ಆರುತ್ತದೆ. ವಿದ್ಯುತ್ತಿನ ಇಂಡಕ್ಷನ್ ಒಲೆಯ ಮೇಲೂ ಚಪ್ಪಟೆ ತಳದ ಬೀಡು ನಡೆಯುತ್ತದೆ. ಗಾಜಿನ ಮೇಲೆ ಎಳೆದಾಡದೆ ಎತ್ತಿ ಇಡಬೇಕಷ್ಟೆ.

ಪರೀಕ್ಷೆಯಲ್ಲಿ ಸೋತ ಪಾತ್ರೆಗಳನ್ನು ಎಸೆಯಬೇಕೆಂದೇನೂ ಇಲ್ಲ. ಅಪರೂಪದ ಆಕಾರದವು ಜನಪದ ವಸ್ತುಸಂಗ್ರಹಕ್ಕೆ ಸಲ್ಲುತ್ತವೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ, ಧರ್ಮಸ್ಥಳದ ಮಂಜೂಷಾದಲ್ಲಿ ಮನೆಬಳಕೆಯ ಹಳೆಯ ವಸ್ತುಗಳನ್ನು ಜೋಪಾನವಾಗಿ ಕಾಪಾಡಿರುವುದನ್ನು ಮಕ್ಕಳಿಗೆ ಒಮ್ಮೆ ತೋರಿಸಿ ಬನ್ನಿ. ಮನೆಯಲ್ಲಿಯೇ ಉಳಿಸಿಕೊಳ್ಳುವುದಾದರೆ ತುಕ್ಕು ತೆಗೆದು ತೆಳುವಾಗಿ ಎಣ್ಣೆ ಸವರಿ ತೂಗುಹಾಕಿರಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಒರಸಿರಿ. ಆದರೆ ಅದಕ್ಕೂ ಮುನ್ನ ಅದರ ಬೆನ್ನಿನ ಮೇಲೆ ಬಿಳಿಯ ಬಣ್ಣದಿಂದ, ದಪ್ಪ ಅಕ್ಷರಗಳಲ್ಲಿ, ‘ಅಡುಗೆಗೆ ಅಲ್ಲ’ ಎಂದು ಬರೆದಿಡಿ. ಮೂವತ್ತು ವರ್ಷಗಳ ನಂತರ ಆ ಮನೆಯ ಅಟ್ಟವನ್ನು ಬರಿದುಮಾಡುವ ಸೊಸೆಗೋ ಮೊಮ್ಮಗಳಿಗೋ ಅದನ್ನು ಹೇಳಲು ನಾವು ಇರುವುದಿಲ್ಲ.